ಬೆಳ್ಳಿ ರೂಪಾಯಿಯನ್ನು ತೊಳೆಯುವ ಮೊದಲು

ಹಿರಿಯರ ಪೆಟ್ಟಿಗೆಯಲ್ಲೋ ಬೀರುವಿನ ಒಳಖಾನೆಯಲ್ಲೋ ಬಟ್ಟೆಯ ಗಂಟೊಂದು ಸಿಕ್ಕಿ, ಅದರೊಳಗೆ ನಾಲ್ಕಾರು ಬೆಳ್ಳಿ ರೂಪಾಯಿಗಳು ಕಂಡರೆ, ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸವೆಂದರೆ ಅವುಗಳನ್ನು ಹುಣಸೆಹಣ್ಣಿನಿಂದಲೋ ವಿಭೂತಿಯಿಂದಲೋ ತಿಕ್ಕಿ ಬೆಳಗುವುದು. ದಯವಿಟ್ಟು ಹಾಗೆ ಮಾಡಬೇಡಿ. ಇಪ್ಪತ್ತರ ಹರೆಯದಲ್ಲಿ ನಾನೂ ಅಜ್ಜಿಯ ಗಂಟಿನಲ್ಲಿದ್ದ 1862ರ ರೂಪಾಯಿಯೊಂದಕ್ಕೆ ವಿಭೂತಿ ಹಚ್ಚಿ ಫಳಫಳಿಸುವಂತೆ ಮಾಡಿದ್ದೆ. ಬಹಳ ವರ್ಷಗಳ ನಂತರ ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ, ವಿಕ್ಟೋರಿಯಾ ರಾಣಿಯ ಕೆನ್ನೆಯ ತುಂಬ ಕೂದಲೆಳೆಯಂತಹ ಗೀರುಗಳು ಒಂದೇ ದಿಕ್ಕಿಗೆ ಹರಿದಿರುವುದು ಕಂಡಿತು. ಆ ಗೀರುಗಳನ್ನು ಯಾವ ಉಪಾಯದಿಂದಲೂ ಅಳಿಸಲಾಗದು. ಬೆಳ್ಳಿಯ ಮೇಲೆ ಕಾಲಾಂತರದಲ್ಲಿ ಕೂತ ಬೂದು, ಕಂದು, ಕೆಲವೊಮ್ಮೆ ನೀಲಿ ಬಣ್ಣದ ಪದರ ಕೊಳೆಯಲ್ಲ. ಸಂಗ್ರಾಹಕರು ಹುಡುಕುವುದು ಅದನ್ನೇ.

ಇದರ ಕಾರಣ ತಿಳಿಯಬೇಕಾದರೆ ಟಂಕಸಾಲೆಯ ಕೆಲಸವನ್ನು ಸ್ವಲ್ಪ ಅರಿತಿರಬೇಕು. ಲೋಹವನ್ನು ಹಾಳೆಯಾಗಿ ಎಳೆದು, ಅದರಿಂದ ದುಂಡಗಿನ ಬಿಲ್ಲೆಗಳನ್ನು ಕತ್ತರಿಸಿ, ಕಾಯಿಸಿ ಮೆದುಗೊಳಿಸಿ, ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಭಾರಿ ಒತ್ತಡದಿಂದ ಒತ್ತುತ್ತಾರೆ. ಬಿಲ್ಲೆಯ ಸುತ್ತ ಹಲ್ಲುಗಳಿರುವ ಬಳೆಯೊಂದು ಇರುವುದರಿಂದ ಅಂಚಿನ ಗೆರೆಗಳೂ ಅದೇ ಒತ್ತಿನಲ್ಲಿ ಮೂಡುತ್ತವೆ. ಆ ಒತ್ತಡಕ್ಕೆ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳನ್ನು ಉಳಿಸುತ್ತದೆ. ಬಳಕೆಯಾಗದ ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿದರೆ ಬೆಳಕು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತುವುದು ಈ ಗೆರೆಗಳಿಂದಲೇ. ತಿಕ್ಕಿದ ನಾಣ್ಯವೂ ಹೊಳೆಯುತ್ತದೆ, ಆದರೆ ಅದರ ಬೆಳಕು ಸುತ್ತುವುದಿಲ್ಲ.

ಎರಕ ಹೊಯ್ದ ನಕಲಿಯೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರುತ್ತವೆ, ಅಕ್ಷರಗಳ ಬುಡ ಕರಗಿದ ಬೆಣ್ಣೆಯಂತೆ ಮೃದುವಾಗಿರುತ್ತದೆ, ಅಂಚಿನಲ್ಲಿ ಎರಡು ಭಾಗಗಳು ಕೂಡಿದ ಸಣ್ಣ ಗೆರೆಯೋ ಅದನ್ನು ಅರದಿಂದ ಉಜ್ಜಿದ ಗುರುತೋ ಇರುತ್ತದೆ. ಕಲ್ಲಿನ ಮೇಲೆ ಎಸೆದು ಠಣ್ ಎನ್ನುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ, ಏಕೆಂದರೆ ಅಂಚಿಗೆ ಒಂದು ಪೆಟ್ಟು ಬಿದ್ದರೂ ಬೆಲೆ ಇಳಿಯುತ್ತದೆ.

ತೂಕ ಮಾತ್ರ ಮನೆಯಲ್ಲೇ ಮಾಡಬಹುದಾದ ನಂಬಿಕೆಯ ಪರೀಕ್ಷೆ. 1835ರಲ್ಲಿ ಕಂಪನಿ ಸರ್ಕಾರವು ರೂಪಾಯಿಯ ತೂಕವನ್ನು 180 ಗ್ರೇನ್, ಅಂದರೆ 11.66 ಗ್ರಾಂ ಎಂದು ಗೊತ್ತುಮಾಡಿತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಒಂದು ತೊಲ ಎಂದರೂ ಇಷ್ಟೇ ತೂಕವಾದ್ದರಿಂದ ರೂಪಾಯಿಯನ್ನೇ ತೂಕದ ಕಲ್ಲಾಗಿ ಬಳಸುವುದಿತ್ತು. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು, ಆದರೆ ಹೆಚ್ಚು ತೂಗಿದರೆ ಅನುಮಾನಿಸಲೇಬೇಕು.

ಗ್ರಾಮಿನ ನೂರರ ಒಂದು ಭಾಗವನ್ನೂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ತಕ್ಕಡಿಯ ಮೇಲೆ ನೀರಿನ ಸಣ್ಣ ಲೋಟವಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ; ನಾಣ್ಯವನ್ನು ತೆಳುವಾದ ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ಅಸಲಿ ಬೆಳ್ಳಿ ರೂಪಾಯಿ ನೀರಿನಲ್ಲಿ ಸುಮಾರು 1.13 ತೋರಿಸುತ್ತದೆ, ಭಾಗಿಸಿದಾಗ 10.3ರ ಆಸುಪಾಸು ಬರುತ್ತದೆ. ಹಿತ್ತಾಳೆಗೋ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹಕ್ಕೋ ಬೆಳ್ಳಿಯ ಲೇಪ ಕೊಟ್ಟದ್ದಾದರೆ 8.5ರ ಹತ್ತಿರವೇ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ನೀರು ಹೀರಿಸಬೇಕೇ ಹೊರತು ಒರೆಸಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1945ರವರೆಗಿನ ಆ ನಾಣ್ಯಗಳ ಸಾಂದ್ರತೆ ಸುಮಾರು 9.5 ಮಾತ್ರ, ಹಾಗೆಂದು ಅವು ನಕಲಿಯಲ್ಲ. ನಕಲಿಗಾರರನ್ನು ತಡೆಯಲೆಂದು ಅವುಗಳ ಅಂಚಿನ ಹಲ್ಲುಗಳ ನಡುವೆ ವಿಶೇಷವಾದ ಗೀರನ್ನೂ ಅಳವಡಿಸಿದ್ದರು. ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿ ಶುದ್ಧ ನಿಕಲ್‌ನದು. ಅದು ಆಯಸ್ಕಾಂತಕ್ಕೆ ಅಂಟುವುದೇ ಸರಿ. ಬೆಳ್ಳಿಯದೆಂದು ಹೇಳುವ ಬೇರೆ ಯಾವ ರೂಪಾಯಿ ಅಂಟಿದರೂ ಅದನ್ನು ಪಕ್ಕಕ್ಕಿಡಿ.

ನಾಣ್ಯ ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ತಿಳಿವಳಿಕೆ ಬಹಳ ಮಂದಿಯಲ್ಲಿದೆ, ಅದು ಸರಿಯಲ್ಲ. 1840 ಎಂಬ ಇಸವಿಯನ್ನು ಅನೇಕ ವರ್ಷ ಬದಲಿಸದೆ ಒತ್ತಿದರು. 1862ರ ಇಸವಿಯೂ ಹಾಗೆಯೇ ಹನ್ನೆರಡು ವರ್ಷಗಳ ಕಾಲ ಅಚ್ಚಿನಲ್ಲಿ ಉಳಿಯಿತು, ಆದ್ದರಿಂದ ಅವು ಹೇರಳವಾಗಿ ಸಿಗುತ್ತವೆ. 1862ರದರಲ್ಲಿ ಬೆಲೆ ನಿರ್ಧಾರವಾಗುವುದು ಹಿಂಬದಿಯ ಸಣ್ಣ ಚುಕ್ಕಿಗಳ ಎಣಿಕೆಯಿಂದ ಮತ್ತು ಸವೆತದಿಂದ. ಅದಕ್ಕಿಂತ ಬಹಳ ಈಚಿನ 1911ರ ರೂಪಾಯಿಯನ್ನು ಸಂಗ್ರಾಹಕರು ಆಸೆಯಿಂದ ಹುಡುಕುತ್ತಾರೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಆಕ್ಷೇಪಿಸಿದ್ದರಿಂದ ಅದನ್ನು ಹಿಂತೆಗೆದುಕೊಂಡು, 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ತಿದ್ದಿದರು. ಇನ್ನು 1939ರ ಬೆಳ್ಳಿ ರೂಪಾಯಿ ನಿಜಕ್ಕೂ ವಿರಳ, ಅದಕ್ಕಾಗಿಯೇ ನಕಲಿಗಳೂ ವಿಪರೀತ. ಬೆಳ್ಳಿಯಲ್ಲೇ ಮಾಡಿದ ನಕಲಿ ತೂಕದಲ್ಲೂ ನೀರಿನಲ್ಲೂ ಗೆದ್ದುಬಿಡುವುದರಿಂದ, ಇಂಥದನ್ನು ಕೊಳ್ಳುವ ಮೊದಲು ಇಸವಿಯ ಕೊನೆಯ ಅಂಕಿಯ ಸುತ್ತ ಕೆತ್ತಿದ ಇಲ್ಲವೇ ಬೆಸೆದ ಗುರುತಿದೆಯೇ ಎಂದು ನೋಡಬೇಕು, ಅನುಭವಿಗಳಿಗೂ ತೋರಿಸಬೇಕು. ಸರಕ್ಕೆ ಪೋಣಿಸಲು ಕೊಕ್ಕೆ ಬೆಸೆದು ಆಮೇಲೆ ತೆಗೆದ ರೂಪಾಯಿಗಳು ಅನೇಕ ಮನೆಗಳಲ್ಲಿವೆ; ಅವುಗಳಿಗೆ ಸಾಮಾನ್ಯವಾಗಿ ಬೆಳ್ಳಿಯ ತೂಕದ ಬೆಲೆಯಷ್ಟೇ ಸಿಗುತ್ತದೆ.

ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ವಜ್ರಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ ಟಂಕಸಾಲೆ. ಕೋಲ್ಕತ್ತ ಗುರುತೇ ಹಾಕುವುದಿಲ್ಲ.

ರಾಮ, ಸೀತೆ, ಹನುಮಂತರ ಚಿತ್ರದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ಬಿಲ್ಲೆಗಳನ್ನು ಮಾರಲು ಬರುವವರಿದ್ದಾರೆ. ಕಂಪನಿ ಅಂತಹ ನಾಣ್ಯಗಳನ್ನು ಒತ್ತಲೇ ಇಲ್ಲ. ಪೂಜೆಯಲ್ಲಿಡಲು ಅಡ್ಡಿಯಿಲ್ಲ, ಆದರೆ ನಾಣ್ಯವೆಂದು ಹಣ ಕೊಡಬೇಡಿ. ವೈಷ್ಣೋದೇವಿಯ ಚಿತ್ರವಿರುವ 2012ರ ಐದು, ಹತ್ತು ರೂಪಾಯಿಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ನಂಬಿಸಿ, ಮುಂಗಡವಾಗಿ ಶುಲ್ಕವನ್ನೋ ತೆರಿಗೆಯನ್ನೋ ಕೇಳುವ ಕರೆಗಳು ಶುದ್ಧ ಮೋಸ. ತನ್ನ ಹೆಸರಿನಲ್ಲಿ ಇಂತಹ ವಂಚನೆ ನಡೆಯುತ್ತಿದೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಕಾನೂನಿನ ಎರಡು ವಿಷಯಗಳೂ ಗೊತ್ತಿರಲಿ. ಪಾಯ ತೆಗೆಯುವಾಗ ನೆಲದಡಿಯಲ್ಲಿ ನಾಣ್ಯಗಳ ಗಡಿಗೆ ಸಿಕ್ಕರೆ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತುವಾಗುವುದರಿಂದ, ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಕಾಪಾಡುವ ಕ್ರಮ ಸರಳ. ನಾಣ್ಯವನ್ನು ಎರಡು ಬೆರಳುಗಳಿಂದ ಅಂಚಿನಲ್ಲಿ ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಳ್ಳಿ. ಮೆದುವಾದ ಪಿವಿಸಿ ಪ್ಲಾಸ್ಟಿಕ್ ಲಕೋಟೆಗಳು ಕೆಲವು ವರ್ಷಗಳಲ್ಲಿ ಹಸಿರು ಅಂಟನ್ನು ಬಿಡುತ್ತವೆ, ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಎರಡನ್ನೂ ದೂರವಿಡಿ. ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಚೌಕಟ್ಟಿನಲ್ಲಿ ಒಂದೊಂದನ್ನೇ ಇಟ್ಟು, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನಿಡಿ. ಪ್ರತಿ ಚೌಕಟ್ಟಿನ ಮೇಲೆ ಇಸವಿ, ತೂಕ, ಅದು ಯಾರ ಗಂಟಿನಿಂದ ಬಂದದ್ದು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ನನ್ನ ಡಬ್ಬಿಯಲ್ಲಿ ಆ ಗೀರುಬಿದ್ದ 1862ರ ರೂಪಾಯಿಯ ಚೌಕಟ್ಟಿನ ಮೇಲೆ ಅಜ್ಜಿಯ ಹೆಸರಿದೆ.