ಹುಳಿ ಹುಡುಕುತ್ತಾ ಸಿಕ್ಕ ಬಿಳಿ ವೈನ್

ನಾನು ಮಂಗಳೂರಿನವಳು. ಪೋರ್ಚುಗಲ್‌ನ ಬ್ರಾಗಾಕ್ಕೆ ಬಂದ ಮೊದಲ ಜೂನ್‌ನಲ್ಲಿ ಸಾಂವ್ ಜುವಾಂವ್ ಹಬ್ಬ ಬಂತು. ಬೀದಿ ಬೀದಿಯಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದ್ದರು. ನೋಡಿದರೆ ನಮ್ಮ ಬೂತಾಯಿಯ ನೆಂಟ! ಕಲ್ಲುಪ್ಪು ಬಿಟ್ಟರೆ ಬೇರೇನೂ ಹಚ್ಚಿರಲಿಲ್ಲ. ಪಕ್ಕದಲ್ಲಿ ಬೇಯಿಸಿದ ಬಟಾಟೆ. ಅವರೂ ಅದಕ್ಕೆ ಬಟಾಟ ಅಂತಲೇ ಹೇಳುತ್ತಾರೆ.

ಮೀನಿನ ಎಣ್ಣೆ ಬಾಯಿ ತುಂಬಾ ಅಂಟಿಕೊಂಡಿತು. ನಾಲಿಗೆ ಪುನರ್ಪುಳಿ ಕೇಳುತ್ತಿತ್ತು. ಆಗ ಪಕ್ಕದ ಮನೆಯ ಅಜ್ಜಿ ವಿನ್ಯೊ ವೆರ್ಡ್ ಅನ್ನುವ ಬಿಳಿ ವೈನ್ ಒಂದು ಲೋಟ ಕೈಗಿಟ್ಟರು. ತಣ್ಣಗಿತ್ತು, ಹುಳಿ ಇತ್ತು, ನಾಲಿಗೆಯ ತುದಿಯಲ್ಲಿ ಸಣ್ಣಗೆ ಚುರುಗುಟ್ಟಿತು. ಒಂದೇ ಗುಟುಕಿಗೆ ಬಾಯಿ ತೊಳೆದ ಹಾಗಾಯಿತು. ನಮ್ಮಲ್ಲಿ ಹುಳಿ ಸಾರಿನಲ್ಲಿರುತ್ತದೆ, ಇಲ್ಲಿ ಲೋಟದಲ್ಲಿದೆ ಅಂತ ಅವತ್ತು ಹೊಳೆಯಿತು. ಆಮೇಲೆ ನಾನು ಇಲ್ಲಿನ ಬಿಳಿ ವೈನ್ ಕಲಿತದ್ದೆಲ್ಲ ಆ ಹುಳಿಯ ಹಿಂದೆ ಹೋಗಿಯೇ.

ವೆರ್ಡ್ ಅಂದರೆ ಹಸಿರು. ವೈನ್‌ನ ಬಣ್ಣ ಹಸಿರಲ್ಲ, ಎಳೆಯದಾಗಿದ್ದಾಗಲೇ ಕುಡಿಯುವಂಥದ್ದು ಅಷ್ಟೇ. ದೇಶದ ವಾಯವ್ಯ ಮೂಲೆಯ ಮಿನ್ಯೊ ಇದರ ನಾಡು. 1908ರಲ್ಲೇ ಇದಕ್ಕೆ ಗಡಿ ಗುರುತು ಮಾಡಿದ್ದಾರೆ. ಅಟ್ಲಾಂಟಿಕ್ ಕಡೆಯಿಂದ ಮಳೆ ಜಾಸ್ತಿ, ಸೆಕೆ ಕಡಿಮೆ. ಹಾಗಾಗಿ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ, ಸಕ್ಕರೆ ಅಷ್ಟಾಗಿ ಏರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಪರಿಚಯದವರ ತೋಟಕ್ಕೆ ಕೊಯ್ಲಿಗೆ ಹೋದೆ. ಬಳ್ಳಿಗಳನ್ನು ತಲೆಯ ಮೇಲೆ ಚಪ್ಪರದ ಹಾಗೆ ಹಬ್ಬಿಸಿದ್ದರು. ಕೈ ಎತ್ತಿಯೇ ಕೊಯ್ಯಬೇಕು, ಸಂಜೆಗೆ ಕುತ್ತಿಗೆ ಬಿದ್ದುಹೋಯಿತು. ಹೊಲದ ಅಂಚಿನಲ್ಲಿ ಹಳೆಯ ಬಳ್ಳಿಗಳು ಮರಕ್ಕೆ ಹತ್ತಿಕೊಂಡಿದ್ದವು. ಥೇಟ್ ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದ ಹಾಗೆ! ತುಂಡು ಜಮೀನು, ನೆಲ ಮೆಕ್ಕೆಜೋಳಕ್ಕೆ, ಸೊಪ್ಪಿಗೆ ಬೇಕು. ಅದಕ್ಕೇ ಬಳ್ಳಿ ಮೇಲೆ ಹೋಯಿತು. ಅಷ್ಟು ದೂರದ ಊರಿನಲ್ಲಿ ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಮನೆಯಲ್ಲಿ ಮೊದಲು ಮಾಡಿದ್ದು ಮರುವಾಯಿ, ಅಂದರೆ ಚಿಪ್ಪುಮೀನು. ಇಲ್ಲಿ ಅದನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕೊತ್ತಂಬರಿ ಸೊಪ್ಪು, ಸ್ವಲ್ಪ ಬಿಳಿ ವೈನ್ ಹಾಕಿ ಮಾಡುತ್ತಾರೆ. 19ನೇ ಶತಮಾನದ ಕವಿ ಬುಲ್ಯಾಂವ್ ಪಾತು ಅವರ ಹೆಸರೇ ಆ ಅಡುಗೆಗೆ. ಅದಕ್ಕೆ ಲಿಮಾ ನದಿಯ ಕಣಿವೆಯ ಲೊರೇರೊ ದ್ರಾಕ್ಷಿಯ ವೈನ್ ತಂದೆ. ಹೂವಿನ ಪರಿಮಳ ಅದರದ್ದು, ಕೊತ್ತಂಬರಿಗೆ ಚೆನ್ನಾಗಿ ಹೊಂದಿತು. ಆದರೆ ನಮ್ಮ ಕಾಯಿತುರಿ ಹಾಕಿದ ಮರುವಾಯಿ ಸುಕ್ಕದ ಮುಂದೆ ಆ ವೈನ್ ನೀರು ನೀರು ಅನ್ನಿಸಿತು. ಸುಕ್ಕಕ್ಕೆ ಅಲ್ವರೀನ್ಯೊ ದ್ರಾಕ್ಷಿಯ ವೈನ್ ಬೇಕು. ಸ್ಪೇನ್ ಗಡಿಯ ಮೊನ್ಸಾಂವ್, ಮೆಲ್ಗಾಸು ಊರುಗಳಲ್ಲಿ ಬೆಟ್ಟಗಳು ಕಡಲಿನ ಮಳೆಗಾಳಿಯನ್ನು ತಡೆಯುತ್ತವೆ. ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ, ವೈನ್‌ಗೆ ಮೈ, ಅಂದರೆ ಗಟ್ಟಿತನ, ಬರುತ್ತದೆ.

ಒಮ್ಮೆ ದೊಡ್ಡ ತಪ್ಪು ಮಾಡಿದೆ. ಡಾಂವ್ ಪ್ರದೇಶದ ಎನ್‌ಕ್ರುಝಾದೊ ದ್ರಾಕ್ಷಿಯ ಬಿಳಿ ವೈನ್, ಓಕ್ ಮರದ ಪೀಪಾಯಿಯಲ್ಲಿಟ್ಟ ಒಳ್ಳೆಯ ಬಾಟಲಿ. ಅದನ್ನು ಹುಳಿ, ಖಾರದ ಬಂಗುಡೆ ಪುಳಿಮುಂಚಿ ಜೊತೆ ತೆರೆದೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಮೆಣಸಿನ ಉರಿ ಇನ್ನೂ ಏರುತ್ತದೆ. ಓಕ್‌ನ ರುಚಿ ಬರೀ ಕಹಿಯಾಯಿತು. ಮರುದಿನ ಉಳಿದದ್ದನ್ನು ಅದೇ ಸೀಮೆಯ ಸೆರಾ ದ ಇಶ್ತ್ರೇಲ ಚೀಸ್ ಜೊತೆ ಕುಡಿದೆ. ಕುರಿ ಹಾಲನ್ನು ಮುಳ್ಳುಗಿಡದ ಹೂವಿನಿಂದ ಹೆಪ್ಪುಗಟ್ಟಿಸಿ ಮಾಡುವ, ಚಮಚದಲ್ಲಿ ತೆಗೆಯುವಷ್ಟು ಮೆತ್ತನೆಯ ಚೀಸ್ ಅದು. ಹಿಂದಿನ ದಿನದ ಬಾಟಲಿಯೇ ಇದು ಅಂತ ನಂಬಲಾಗಲಿಲ್ಲ. ಪುಳಿಮುಂಚಿಗೆ ಈಗ ನಾನು ತರುವುದು ಅಗ್ಗದ, ಶೇಕಡಾ 9ರಿಂದ 10ರಷ್ಟು ಆಲ್ಕೋಹಾಲ್ ಇರುವ, ಕೊಂಚ ಸಿಹಿ ಉಳಿದ ವಿನ್ಯೊ ವೆರ್ಡ್. ರವೆ ಹಚ್ಚಿ ಹುರಿದ ಮೀನಿಗೆ ಲಿಸ್ಬನ್‌ನ ಉತ್ತರಕ್ಕಿರುವ ಬುಸೆಲಾಶ್‌ನ ಅರಿಂತೊ ದ್ರಾಕ್ಷಿಯ ವೈನ್. ನಿಂಬೆ ಹಿಂಡಿದಂತಿರುತ್ತದೆ.

ಅಂಗಡಿಯಲ್ಲಿ ಬಾಟಲಿ ಎತ್ತಿದರೆ ಮೊದಲು ವರ್ಷ ನೋಡುತ್ತೇನೆ. ಸಾದಾ ವಿನ್ಯೊ ವೆರ್ಡ್ ಆದಷ್ಟು ಹೊಸದೇ ಇರಬೇಕು. ಅಲ್ವರೀನ್ಯೊ ಮಾತ್ರ ನಾಲ್ಕೈದು ವರ್ಷ ಹಳೆಯದಾದರೂ ಧೈರ್ಯವಾಗಿ ತರುತ್ತೇನೆ. ಫ್ರಿಜ್‌ನಿಂದ ಕಾಲು ಗಂಟೆ ಮೊದಲೇ ತೆಗೆದಿಟ್ಟರೆ ಜೇನಿನ ಪರಿಮಳ ಮೆಲ್ಲಗೆ ಏಳುತ್ತದೆ. ಅಷ್ಟರಲ್ಲಿ ನೀರುದೋಸೆ, ಸಿಗಡಿ ಗಸಿ ರೆಡಿ ಇರುತ್ತದೆ.