ಹಳೇ ಶೆವರ್ಲೆ ಪಿಕಪ್‌ನ ಅಲ್ಯೂಮಿನಿಯಂ ಪಟ್ಟಿಗಳಿಗೆ ಹೊಳಪು ತಂದಿದ್ದು: ನನ್ನ ಅನುಭವ

ಅನೊಡೈಜ್ ಆದ, ಅಂದರೆ ವಿದ್ಯುತ್ ಹರಿಸಿ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ ಅಲ್ಯೂಮಿನಿಯಂಗೆ ಪಾಲಿಶ್ ಹಚ್ಚಿ ಎಷ್ಟು ತಿಕ್ಕಿದರೂ ಕನ್ನಡಿ ಹೊಳಪು ಬರುವುದಿಲ್ಲ. ಹಳೇ ಗಾಡಿ ಇಟ್ಟುಕೊಂಡವರು ಮೊದಲು ತಿಳಿದಿರಬೇಕಾದ ವಿಷಯ ಇದು. ನಾವು ತಿಕ್ಕುತ್ತಿರುವುದು ಅಲ್ಯೂಮಿನಿಯಂ ಅಲ್ಲವೇ ಅಲ್ಲ, ಅದರ ಮೇಲಿರುವ ಆಕ್ಸೈಡ್ ಪದರ. ಆ ಪದರ ಚೆನ್ನಾಗಿದ್ದರೆ ತೊಳೆದು ವ್ಯಾಕ್ಸ್ ಹಚ್ಚಿ ಬಿಟ್ಟುಬಿಡಿ. ಕೆಟ್ಟಿದ್ದರೆ ಪೂರ್ತಿ ತೆಗೆದುಹಾಕಿ, ಆಮೇಲೆ ಪಾಲಿಶ್ ಮಾಡಿ. ಇವೆರಡರ ನಡುವೆ ಅರ್ಧಂಬರ್ಧ ದಾರಿ ಅಂತ ಯಾವುದೂ ಇಲ್ಲ.

ನನ್ನದು 1972ರ ಶೆವರ್ಲೆ ಸಿ10 ಪಿಕಪ್, ಚೆಯೆನ್ ಸೂಪರ್ ಅನ್ನುವ ಮೇಲ್ದರ್ಜೆಯ ಮಾದರಿ. ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಯೂಮಿನಿಯಂಗೆ ಉಪ್ಪಿಗಿಂತ ದೊಡ್ಡ ಶತ್ರು ಬೇರೆ ಇಲ್ಲ. ಗಾಡಿಯ ಎರಡೂ ಪಕ್ಕ ಉದ್ದಕ್ಕೂ ಪಟ್ಟಿಗಳಿವೆ, ಕೆಳಗಿನ ಪಟ್ಟಿಯ ನಡುವೆ ಮರದ ಗೆರೆಯಂಥ ವಿನ್ಯಾಸ ಇದೆ, ಹಿಂದೆ ಟೇಲ್‌ಗೇಟ್ (ಹಿಂಬದಿಯ ಬಾಗಿಲು) ಮೇಲೂ ಒಂದು ಅಗಲ ಪಟ್ಟಿ. ಮೇಲಿನವು ಪರವಾಗಿಲ್ಲ. ಕೆಳಗಿನವು ಮಾತ್ರ ಹಾಲಿನ ಹಾಗೆ ಬೆಳ್ಳಗಾಗಿ, ಚಕ್ರದ ಹಿಂದಿನ ಭಾಗದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು.

ಕಾರ್ಖಾನೆಯಲ್ಲಿ ಮೊದಲು ಪಟ್ಟಿಗೆ ಹೊಳಪು ಕೊಡುತ್ತಾರೆ, ಆಮೇಲೆ ಗಂಧಕಾಮ್ಲದ ತೊಟ್ಟಿಯಲ್ಲಿಟ್ಟು ವಿದ್ಯುತ್ ಹರಿಸಿ ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಬೆಳೆಸುತ್ತಾರೆ. ಇದು ಕೂದಲೆಳೆಗಿಂತ ಎಷ್ಟೋ ತೆಳು, ಆದರೆ ತುಂಬಾ ಗಟ್ಟಿ. ಮರಳು ಕಾಗದದ ಮೇಲೆ ಅಂಟಿಸುವ ಪುಡಿ ಇರುತ್ತಲ್ಲ, ಅದೂ ಇದೇ ವಸ್ತು. ಹಾಗಾಗಿಯೇ ಟ್ಯೂಬಿನಿಂದ ತೆಗೆದ ಪಾಲಿಶ್ ಇದಕ್ಕೆ ಏನೂ ಮಾಡುವುದಿಲ್ಲ. ಆದರೆ ಗಟ್ಟಿ ಅಂದ ಮಾತ್ರಕ್ಕೆ ಎಲ್ಲವನ್ನೂ ತಡೆಯುತ್ತದೆ ಅಂತಲ್ಲ. ಕಟುವಾದ ಆಮ್ಲಕ್ಕೂ ಆಗುವುದಿಲ್ಲ, ಕ್ಷಾರಕ್ಕಂತೂ ಆಗುವುದೇ ಇಲ್ಲ. ಬ್ರಷ್ ಇಲ್ಲದ ಕಾರ್ ವಾಶ್‌ಗಳ ಕಟುವಾದ ಸೋಪು, ಚಕ್ರ ತೊಳೆಯುವ ಆಸಿಡ್, ಇವೆಲ್ಲ ವರ್ಷಗಟ್ಟಲೆ ಬಿದ್ದರೆ ಪದರ ಮಂಕಾಗುತ್ತದೆ.

ಕೈ ಹಾಕುವ ಮುಂಚೆ ನಾನು ಪಾತ್ರೆ ತೊಳೆಯುವ ಸೋಪಿನ ನೀರು ಮತ್ತು ಮೆತ್ತನೆ ಬ್ರಷ್‌ನಿಂದ ಎಲ್ಲ ಪಟ್ಟಿಗಳನ್ನೂ ತೊಳೆದೆ. ಡಾಂಬರಿನ ಚುಕ್ಕೆಗಳನ್ನು ಟಾರ್ ರಿಮೂವರ್ ಹಾಕಿ ಒರೆಸಿದೆ. ಎಷ್ಟೋ ಸಲ ಮಂಕು ಅಂತ ಕಾಣುವುದು ಬರೀ ಹಳೇ ವ್ಯಾಕ್ಸ್ ಮತ್ತು ಕೊಳೆ ಆಗಿರುತ್ತದೆ. ಮೇಲಿನ ಪಟ್ಟಿಗಳು ಮತ್ತು ಟೇಲ್‌ಗೇಟ್‌ನದು ಇಷ್ಟಕ್ಕೇ ಚೆನ್ನಾದವು. ಅವಕ್ಕೆ ಪೇಂಟ್‌ಗೆ ಹಾಕುವ ನುಣುಪಾದ ಪಾಲಿಶ್ ಅನ್ನು ಕೈಯಲ್ಲೇ ಹಚ್ಚಿ, ವ್ಯಾಕ್ಸ್ ಮಾಡಿ ಬಿಟ್ಟೆ. 1972ರ ಕಾರ್ಖಾನೆಯ ಹೊಳಪು ಇನ್ನೂ ಉಳಿದಿದ್ದರೆ ಅದನ್ನು ಕೆರೆಯುವುದು ಸರಿಯಲ್ಲ. ನಾವು ಮನೆಯಲ್ಲಿ ಮಾಡುವುದು ಅಷ್ಟು ಕಾಲ ಬಾಳುವುದಿಲ್ಲ.

ಪದರ ಇದೆಯೋ ಇಲ್ಲವೋ ತಿಳಿಯಲು ಮಲ್ಟಿಮೀಟರ್ ಸಾಕು. ಆಕ್ಸೈಡ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಬರೀ ಲೋಹದಲ್ಲಿ ಹರಿಯುತ್ತದೆ. ಮೀಟರ್ ಅನ್ನು ಬೀಪ್ ಕೊಡುವ ಜಾಗಕ್ಕೆ ತಿರುಗಿಸಿ, ಎರಡು ಕಡ್ಡಿಗಳ ಪಕ್ಕವನ್ನು ಪಟ್ಟಿಗೆ ತಾಗಿಸಬೇಕು. ಮೊನೆ ಒತ್ತಿದರೆ ಪದರ ತೂತಾಗಿ ಸುಮ್ನೆ ಬೀಪ್ ಬರುತ್ತದೆ. ನನ್ನ ಕೆಳಗಿನ ಪಟ್ಟಿಗಳಲ್ಲಿ ಒಂದು ಕಡೆ ಬೀಪ್, ನಾಲ್ಕು ಬೆರಳು ಆಚೆ ನಿಶ್ಶಬ್ದ. ಅಂದರೆ ಅಲ್ಲಲ್ಲಿ ತಿಂದುಹೋಗಿದೆ. ಇಂಥದ್ದನ್ನು ಪೂರ್ತಿ ತೆಗೆಯಲೇಬೇಕು.

ಪಟ್ಟಿ ಬಿಚ್ಚುವಾಗ ಅವಸರ ಬೇಡ. ತುದಿಗಳಲ್ಲಿ ಒಳಗಿನಿಂದ ನಟ್ ಇರುತ್ತದೆ, ನಡುವೆ ಕ್ಲಿಪ್‌ಗಳು. ತುಕ್ಕು ಹಿಡಿದ ನಟ್‌ಗೆ ಹಿಂದಿನ ದಿನವೇ ಎಣ್ಣೆ ಬಿಡಿ. ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ ಕ್ಲಿಪ್ ಇರುವ ಜಾಗದಲ್ಲೇ ಮೀಟಬೇಕು. ಒಂದು ತುದಿ ಹಿಡಿದು ಎಳೆದರೆ ಪಟ್ಟಿ ಮಡಚಿಕೊಳ್ಳುತ್ತದೆ, ಆ ಮಡಿಕೆ ಮತ್ತೆ ಹೋಗುವುದಿಲ್ಲ.

ಇನ್ನು ಮುಖ್ಯ ಕೆಲಸ, ಕಾಸ್ಟಿಕ್ ಸೋಡಾ. ಅಲ್ಯೂಮಿನಿಯಂ ಆಕ್ಸೈಡ್ ಇದರಲ್ಲಿ ಕರಗುತ್ತದೆ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ (ಅದೂ ಇದೇ ಆಕ್ಸೈಡ್) ಬೇರ್ಪಡಿಸುವುದೂ ಇದೇ ಗುಣದಿಂದ. ಉದ್ದ ಪಟ್ಟಿ ಮುಳುಗುವಷ್ಟು ದೊಡ್ಡ ತೊಟ್ಟಿ ಎಲ್ಲಿಂದ ತರುವುದು ಅಂದರೆ, ಮನೆ ಸೂರಿಗೆ ಹಾಕುವ ವಿನೈಲ್ ಮಳೆನೀರಿನ ದೋಣಿ ತಂದು ಎರಡೂ ತುದಿ ಮುಚ್ಚಿದೆ. ಅಲ್ಯೂಮಿನಿಯಂ ದೋಣಿ ಅಪ್ಪಿತಪ್ಪಿಯೂ ಬೇಡ. ಲೀಟರ್ ತಣ್ಣೀರಿಗೆ ಸುಮಾರು 50 ಗ್ರಾಂ ಸೋಡಾ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬಯಲಲ್ಲೇ ಮಾಡಿ, ಯಾಕೆಂದರೆ ಬರುವುದು ಹೈಡ್ರೋಜನ್, ಹತ್ತಿರ ಬೆಂಕಿ ಇರಬಾರದು. ಕಣ್ಣಿಗೆ ಮುಚ್ಚಿದ ಕನ್ನಡಕ, ಉದ್ದ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಹರಿಯುವ ನೀರಿನ ಪೈಪ್, ಇಷ್ಟಿಲ್ಲದೆ ಶುರು ಮಾಡಬೇಡಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಪಟ್ಟಿ ಮುಳುಗಿಸಿದ ಮೇಲೆ ಗುಳ್ಳೆಗಳನ್ನು ನೋಡುತ್ತಾ ನಿಲ್ಲಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಗೀರುಗಳ ಮೇಲೆ, ಗುಳಿಗಳ ಸುತ್ತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಪದರ ಕರಗುವಾಗ ಗುಳ್ಳೆ ಬರುವುದಿಲ್ಲ, ಲೋಹಕ್ಕೆ ತಾಗಿದಾಗ ಮಾತ್ರ ಬರುತ್ತದೆ. ಕೆಲವು ನಿಮಿಷದಲ್ಲಿ ಪಟ್ಟಿಯ ಮೈತುಂಬಾ ಸಮನಾಗಿ ಬುರುಬುರು ಅನ್ನತೊಡಗುತ್ತದೆ. ಆ ಕ್ಷಣವೇ ಎತ್ತಿ ನೀರು ಬಿಡಬೇಕು, ಇಲ್ಲದಿದ್ದರೆ ಲೋಹವನ್ನೇ ತಿನ್ನುತ್ತದೆ. ಪಟ್ಟಿ ಹೊರಗೆ ಬಂದಾಗ ಕಪ್ಪಗಿರುತ್ತದೆ, ಹೆದರಬೇಡಿ. ಊರಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿದರೆ ಕಪ್ಪಾಗುತ್ತಲ್ಲ, ಹಾಗೆ. ಆ ಮಸಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕೊನೆಗೆ ವಿನೆಗರ್ ನೀರಲ್ಲಿ ಒಮ್ಮೆ ತೊಳೆದು ಮತ್ತೆ ಮೀಟರ್ ಇಟ್ಟೆ, ಎಲ್ಲ ಕಡೆ ಬೀಪ್. ಮರದ ಗೆರೆಯ ಭಾಗ ಮಾತ್ರ ಈ ನೀರಲ್ಲಿ ಉಳಿಯುವುದಿಲ್ಲ, ಸೋಡಾ ಪೇಂಟನ್ನೂ ತಿನ್ನುತ್ತದೆ. ನಾನು ಅದನ್ನು ಹೊಸದಾಗಿ ಅಂಟಿಸುವುದು ಅಂತ ಮೊದಲೇ ತೀರ್ಮಾನಿಸಿದ್ದೆ.

ನೆಗ್ಗುಗಳನ್ನು ಎತ್ತುವುದು ಪದರ ಹೋದ ಮೇಲೆ. ಪದರ ಇರುವಾಗ ಬಗ್ಗಿಸಿದರೆ ಅದು ಬಿರುಕು ಬಿಡುತ್ತದೆ. ಮರಳು ತುಂಬಿದ ಚರ್ಮದ ಚೀಲದ ಮೇಲೆ ಪಟ್ಟಿ ಬೋರಲಾಗಿಟ್ಟು, ಹಿಂದಿನಿಂದ ಮರದ ಗೂಟದಿಂದ ಮೆಲ್ಲಗೆ ತಟ್ಟಿದೆ. ಒಂದೇ ಏಟಿಗೆ ಸರಿಮಾಡಲು ಹೋದರೆ ಲೋಹ ಹಿಗ್ಗಿ ಉಬ್ಬು ಬರುತ್ತದೆ.

ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಮರಳು ಕಾಗದ. ನಂಬರ್ ಹೆಚ್ಚಾದಷ್ಟೂ ಅದು ನುಣುಪು. ಗುಳಿ ಇದ್ದಲ್ಲಿ 400ರಿಂದ ಶುರು, ಉಳಿದ ಕಡೆ 600, ಆಮೇಲೆ 800, 1000, 1500. ಸೋಪಿನ ನೀರು ಧಾರಾಳವಾಗಿ ಇರಬೇಕು, ಪ್ರತಿ ನಂಬರಿಗೂ ತಿಕ್ಕುವ ದಿಕ್ಕು ಬದಲಿಸಬೇಕು, ಆಗ ಹಿಂದಿನ ಗೀರು ಉಳಿದಿದೆಯಾ ಅಂತ ಕಾಣುತ್ತದೆ. ಬೇಸರದ ಕೆಲಸ, ಆದರೆ ಹೊಳಪು ಹುಟ್ಟುವುದು ಇಲ್ಲೇ. ತುಂಬಾ ಆಳದ ಗುಳಿಗಳನ್ನು ನಾನು ಹಾಗೇ ಬಿಟ್ಟೆ. ಅವನ್ನು ಪೂರ್ತಿ ತೆಗೆಯಲು ಹೋದರೆ ಪಟ್ಟಿಯೇ ತೂತಾಗುತ್ತದೆ.

ಬಫಿಂಗ್‌ಗೆ, ಅಂದರೆ ಮೆಶಿನ್ನಲ್ಲಿ ತಿರುಗುವ ಬಟ್ಟೆಯ ವೀಲಿಗೆ ಹಿಡಿದು ಹೊಳಪು ತರಲು, ಮೊದಲು ಹೊಲಿದ ಹತ್ತಿಯ ವೀಲ್ ಮತ್ತು ಕಂದು ಟ್ರಿಪೊಲಿ (ವೀಲಿಗೆ ಹಚ್ಚುವ ಪಾಲಿಶ್ ಗಟ್ಟಿ), ಆಮೇಲೆ ಸಡಿಲ ವೀಲ್ ಮತ್ತು ಇನ್ನೂ ನುಣುಪಾದ ಬಿಳಿ ಕಾಂಪೌಂಡ್. ಯಾವಾಗಲೂ ವೀಲಿನ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ, ಪಟ್ಟಿಯ ಮೇಲಂಚು ವೀಲಿಗೆ ಸಿಗಬಾರದು. ಸಿಕ್ಕರೆ ಕೈಯಿಂದ ಕಿತ್ತು ಎಸೆಯುತ್ತದೆ. ಪಟ್ಟಿ ಬಿಸಿಯಾಗಿ ಮುಟ್ಟಲು ಆಗದ ಹಾಗಾದರೆ ನಿಲ್ಲಿಸಿ, ಡೊಂಕಾಗುತ್ತದೆ. ಆ ಕಪ್ಪು ಧೂಳು ಉಸಿರಿಗೆ ಹೋಗದಂತೆ ಮಾಸ್ಕ್ ಬೇಕು. ಅದೇ ಮೆಶಿನ್ನಲ್ಲಿ ಕಬ್ಬಿಣ ಗ್ರೈಂಡ್ ಮಾಡಬೇಡಿ, ಅಲ್ಯೂಮಿನಿಯಂ ಧೂಳಿಗೆ ಕಿಡಿ ಬಿದ್ದರೆ ಬೆಂಕಿ ಹತ್ತುತ್ತದೆ.

ಈಗ ಲೋಹ ಬರಿಮೈಯಲ್ಲಿದೆ. ಮತ್ತೆ ಅನೊಡೈಜ್ ಮಾಡಿಸುವುದೇ ಎಲ್ಲಕ್ಕಿಂತ ಒಳ್ಳೆಯದು, ಆದರೆ ಹೊಳಪು ಉಳಿಸಿ ಮಾಡುವವರು ಕಡಿಮೆ, ಖರ್ಚೂ ಜಾಸ್ತಿ. ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ನನಗೆ ಇಷ್ಟವಿಲ್ಲ. ಕನ್ನಡಿಯಂಥ ನುಣುಪಿನ ಮೇಲೆ ಅದಕ್ಕೆ ಹಿಡಿತ ಸಿಗುವುದಿಲ್ಲ, ಅಂಚಿನಿಂದ ಎದ್ದು ಬಂದರೆ ಮತ್ತೆ ಮೊದಲಿನಿಂದ ಮಾಡಬೇಕು. ನಾನು ವ್ಯಾಕ್ಸ್ ಹಚ್ಚುತ್ತೇನೆ, ಸ್ವಲ್ಪ ಮಂಕಾದಾಗ ಮದರ್ಸ್ ಮ್ಯಾಗ್ ಅನ್ನುವ ಲೋಹದ ಪಾಲಿಶ್ ಕೈಯಲ್ಲಿ ತಿಕ್ಕುತ್ತೇನೆ. ಈಗ ಅದು ಕೆಲಸ ಮಾಡುತ್ತದೆ, ಅಡ್ಡ ಬರಲು ಪದರ ಇಲ್ಲವಲ್ಲ. ಉಪ್ಪಿನ ಕಾಲದಲ್ಲಿ ಗಾಡಿ ಶೆಡ್ಡಿನಲ್ಲೇ ಇರುತ್ತದೆ.

ವಾಪಸ್ ಕೂರಿಸುವಾಗ ಹಳೇ ಕ್ಲಿಪ್ ಹಾಕಬೇಡಿ. ಕಬ್ಬಿಣದ ಕ್ಲಿಪ್ ಬರೀ ಅಲ್ಯೂಮಿನಿಯಂಗೆ ತಾಗಿ, ನಡುವೆ ಉಪ್ಪುನೀರು ಸೇರಿದರೆ ಒಳಗಿನಿಂದಲೇ ತಿನ್ನಲು ಶುರುವಾಗುತ್ತದೆ. ಹೊಸ ಕ್ಲಿಪ್ ಹಾಕಿ, ಪಟ್ಟಿಯ ಹಿಂಬದಿಗೂ ಧಾರಾಳವಾಗಿ ವ್ಯಾಕ್ಸ್ ಬಳಿದು, ನಟ್ ಅನ್ನು ಬೆರಳಲ್ಲಿ ತಿರುಗಿಸಿ ಆಮೇಲೆ ಕಾಲು ಸುತ್ತು ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದರೆ ಸಾಕು.