ಕಾಲೇಜಿಗೆ ಬೈಕಾ ಬಸ್ಸಾ, ಮೊದಲು ಲೆಕ್ಕ ಹಾಕ್ಕೊಳಿ

ಹಾಸನಕ್ಕೆ ಈ ವರ್ಷ ಡಿಗ್ರಿಗೋ ಪಿಜಿಗೋ ಸೇರ್ತಿರೋ ತಮ್ಮ ತಂಗಿಯರಿಗೆ ಒಂದು ಮಾತು, ಸೇರಿದ ತಕ್ಷಣ ಮನೇಲಿ ಹಠ ಮಾಡಿ ಬೈಕ್ ತಗೋಬೇಡಿ. ಬೇಲೂರಿಂದ ಬರೋರಾದ್ರೆ ಒಂದ್ ಕಡೆಗೇ ಸುಮಾರು 40 ಕಿಲೋಮೀಟರ್, ಹೋಗಿ ಬರೋಕೆ 80, ಬೈಕ್ ಲೀಟರಿಗೆ 45 ಕೊಡ್ತು ಅಂದ್ರೂ ದಿನಕ್ಕೆ ಹತ್ರತ್ರ 180 ರೂಪಾಯಿ ಪೆಟ್ರೋಲ್, 25 ದಿನಕ್ಕೆ 4500 ಆಯ್ತು, ಸರ್ವೀಸು ಟೈರು ಬೇರೆ. ಹುಡುಗೀರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸು ಫ್ರೀ, ಹುಡುಗ್ರು ಸೇವಾ ಸಿಂಧುಲಿ ಸ್ಟೂಡೆಂಟ್ ಪಾಸಿಗೆ ಹಾಕಿ, ಕಾಲೇಜು ಶುರುವಾದ ವಾರದಲ್ಲೇ ಹಾಕ್ಬಿಡಿ.

ಬಸ್ಸಲ್ಲಿ ಕಷ್ಟ ಇಲ್ಲ ಅಂತಲ್ಲ, ಬೆಳಗ್ಗೆ ರಶ್ಶಲ್ಲಿ ನಿಲ್ಲೋಕೂ ಜಾಗ ಇರಲ್ಲ. ನಾನು ಮೊದಲನೇ ಪಿರಿಯಡ್ ಎಷ್ಟೋ ಸಲ ಮಿಸ್ ಮಾಡ್ಕೊಂಡೆ, ಆಮೇಲೆ ಒಂದು ಬಸ್ ಮುಂಚೆ ಹತ್ತೋಕೆ ಶುರು ಮಾಡಿದ್ಮೇಲೆ ಸೀಟೂ ಸಿಕ್ತು ಓದೋಕೂ ಆಯ್ತು. ಒಂದು ವಾರ ಬಸ್ಸಲ್ಲೇ ಓಡಾಡಿ, ಸಂಜೆ ಲ್ಯಾಬ್ ಮುಗಿದ್ಮೇಲೆ ನಿಮ್ಮೂರಿಗೆ ಕೊನೆ ಬಸ್ ಎಷ್ಟೊತ್ತಿಗೆ ಅಂತ ಕಂಡಕ್ಟರ್ ಹತ್ರನೇ ಕೇಳ್ಕೊಳಿ, ಅದು ತಪ್ಪೋ ಹಾಗಿದ್ರೆ ಮಾತ್ರ ಬೈಕ್ ಯೋಚ್ನೆ ಮಾಡಿ. ತಗೊಂಡ್ರೂ ಜೂನಿಂದ ಸೆಪ್ಟೆಂಬರ್ ಮಳೇಲಿ ದಯವಿಟ್ಟು ಬಸ್ಸಲ್ಲೇ ಬನ್ನಿ, ಹಿಂದೆ ಕೂರೋರಿಗೂ ಹೆಲ್ಮೆಟ್ ಹಾಕ್ಸಿ.